ಒಂದು ಬಿಸಿಲು ಬಾಕಿ

ಮಾರ್ಚ್ 3, ಸೋಮವಾರ

ನನ್ನ ಬಲ ಮೂತ್ರಪಿಂಡದಲ್ಲಿ ಒಂದು ಕಲ್ಲು ಬಿಡಾರ ಹೂಡಿದೆ. ಮುಂಗಡ ಕೊಟ್ಟಿಲ್ಲ, ಕರಾರಿಗೆ ಸಹಿ ಮಾಡಿಲ್ಲ, ಹೇಳದೆ ಕೇಳದೆ ಬಂದು ಕೂತಿದೆ. ದಾವಣಗೆರೆಯ ಡಾಕ್ಟರು ಸ್ಕ್ಯಾನಿನಲ್ಲಿ ಅದನ್ನು ತೋರಿಸಿ, "ಸಣ್ಣ ಅಡಿಕೆ ಚೂರಿನಷ್ಟಿದೆ ನೋಡಿ" ಎಂದರು. ಚನ್ನಗಿರಿಯಲ್ಲಿ ಮೂವತ್ತು ವರ್ಷ ಅಡಿಕೆ ಖರೀದಿ ಮಾಡಿದ ಮಲ್ಲಿಕಾರ್ಜುನಪ್ಪನಿಗೆ ಒಡಲೊಳಗೂ ಅಡಿಕೆಯೇ ಗತಿ. ಯುಗಾದಿ ಕಳೆದ ಮೇಲೆ ಆಪರೇಷನ್. "ಅಷ್ಟರೊಳಗೆ ತಾನಾಗಿ ಬಿದ್ದರೆ ಸರಿ. ನೀರು ಚೆನ್ನಾಗಿ ಕುಡೀರಿ" ಎಂದು ಹೇಳಿ ಕಳಿಸಿದರು.

ಇಲ್ಲಿ ಒಂದು ವಿಷಯವನ್ನು ದಾಖಲಿಸಬೇಕು. ನಾನು ಪುಕ್ಕಲ. ಆಪರೇಷನ್ ಎಂಬ ಶಬ್ದ ಕೇಳಿದರೆ ಆಸ್ಪತ್ರೆಯ ಹಿಂಬಾಗಿಲು ಹುಡುಕುತ್ತೇನೆ. ಆದ್ದರಿಂದ ಯುಗಾದಿಯೊಳಗೆ ಕಲ್ಲನ್ನು ಹೊರದಬ್ಬತಕ್ಕದ್ದೆಂದು ತೀರ್ಮಾನಿಸಿ, ಈ ದಿನಚರಿಯನ್ನು ಯುದ್ಧದ ವರದಿಯಾಗಿ ಶುರು ಮಾಡಿದ್ದೇನೆ. ಇದು ನನ್ನ ಕಣ್ಣಿಗೆ ಮಾತ್ರ. ನಮ್ಮ ಮನೆಯ ಗೃಹಖಾತೆ, ಅಂದರೆ ನನ್ನ ಹೆಂಡತಿ, ಇದನ್ನು ಓದಕೂಡದು.

ಮಾರ್ಚ್ 5, ಬುಧವಾರ

ಎದುರಂಗಡಿಯ ನಾಗರಾಜಪ್ಪ ಬಂದಿದ್ದ. ಅವನೂ ಅಡಿಕೆಯವನೇ. ಹಗಲೆಲ್ಲ ನನ್ನ ಗಿರಾಕಿಗಳನ್ನು ಕರೆಯುತ್ತಾನೆ, ಸಂಜೆ ನನ್ನ ಚಹಾ ಕುಡಿಯುತ್ತಾನೆ.

"ಮಲ್ಲಣ್ಣ, ನಂಗೂ ಇತ್ತಲ್ಲೋ ಕಲ್ಲು! ದಿನಾ ಒಂದು ಕೊಡ ನೀರು ಕುಡಿದೆ. ಟಣ್ ಅಂತ ಬಿತ್ತು."

"ಎಲ್ಲಿ ಬಿತ್ತು? ನೋಡಿದ್ಯಾ?"

"ನೋಡಿ ಏನ್ ಮಾಡ್ಲಿ? ಉಂಗುರಕ್ಕೆ ಕೂಡಿಸಾಕೆ ಅದೇನು ಹವಳನಾ? ಇನ್ನೊಂದು ಹೇಳ್ತೀನಿ ಕೇಳು. ಉಪ್ಪು ಪೂರ್ತಿ ಬಿಡು. ಆ ಉಪ್ಪೇ ಒಳಗೆ ಹೋಗಿ ಕಲ್ಲಾಗೋದು. ಕಲ್ಲುಪ್ಪು ಅಂತ ಸುಮ್ನೆ ಕರೀತಾರಾ?"

ವಾದದಲ್ಲಿ ಹುರುಳಿತ್ತು. ಇವತ್ತಿನಿಂದಲೇ ಜಾರಿ: ತಾಮ್ರದ ಕೊಡ ತುಂಬ ನೀರು, ಬೆಳಿಗ್ಗೆ ಸಂಜೆ ಬಾಳೆದಿಂಡಿನ ರಸ, ಸಪ್ಪೆ ಮುದ್ದೆ, ಸಪ್ಪೆ ಸಾರು. ಬಿ.ಪಿ.ಗೆಂದು ನಾನು ನುಂಗುವ ಮಾತ್ರೆಯೂ ಮೂತ್ರ ಹೆಚ್ಚಿಸುವ ಜಾತಿಯದು. ಅದು ನಮ್ಮ ಕಡೆಯ ಸೇನಾಪತಿ.

ಗೃಹಖಾತೆಯವರು ಸಪ್ಪೆ ಸಾರು ಬಡಿಸುತ್ತಾ, "ನಂಗೂ ಹಾಕ್ಕಂತೀನಿ ತಗಳ್ರಿ. ಒಬ್ರಿಗೆ ಬೇರೆ ಒಬ್ರಿಗೆ ಬೇರೆ ಯಾಕೆ?" ಎಂದು ತಟ್ಟೆಗೆ ಕೈ ಚಾಚಿದರು. ಸೊಸೆಯಾಗಿ ಬಂದಾಗಿನಿಂದ ಈ ಚಾಳಿ. ನಾನು ಒಪ್ಪತ್ತು ಮಾಡಿದರೆ ಅವರೂ ಒಪ್ಪತ್ತು. ನನಗೆ ಜ್ವರ ಬಂದರೆ ಅವರಿಗೂ ಗಂಜಿ. ಈ ಸಲ ಬೈದು, ಉಪ್ಪಿನ ಡಬ್ಬಿ ಅವರ ಮುಂದೆ ಕುಕ್ಕಿದೆ.

ಮಾರ್ಚ್ 9, ಭಾನುವಾರ

ಹೊನ್ನಾಳಿಯಿಂದ ಮಗಳು ಪ್ರಮೀಳಾ ಫೋನು ಮಾಡಿದ್ದಳು. ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆ. ಭಾನುವಾರ ಮಕ್ಕಳು ಸಿಗುವುದಿಲ್ಲವಾದ್ದರಿಂದ ನನಗೆ ಪಾಠ.

"ಅಪ್ಪಾಜಿ, ಒಣದ್ರಾಕ್ಷಿ ನೀರಿಗೆ ಹಾಕಿಟ್ರೆ ಏನಾಗ್ತೈತೆ?"

"ಊದ್ತೈತೆ. ಪಾಯಸಕ್ಕೆ ಬರ್ತೈತೆ."

"ನಿಮ್ ಮೈಯಾಗಿನ ಒಂದೊಂದು ಜೀವಕೋಶಾನೂ ಹಂಗೇ. ಅದರೊಳಗೆ ನೀರು ಇರ್ಲೇಬೇಕು, ಇಲ್ದಿದ್ರೆ ಕೆಲಸ ನಡೆಯಲ್ಲ. ಆದ್ರೆ ಎಷ್ಟಿರಬೇಕೋ ಅಷ್ಟೇ ಇರಬೇಕು. ಹೊರಗೆ ರಕ್ತದಾಗೆ ಇರೋ ಉಪ್ಪೇ ನೀರನ್ನ ಅಲ್ಲಿ ಹಿಡಿದಿಟ್ಕಳ್ಳೋದು. ನೀವು ಉಪ್ಪೂ ಬಿಟ್ರಿ, ಕೊಡಗಟ್ಲೆ ನೀರೂ ಸುರಿದ್ರಿ ಅಂದ್ರೆ ಆ ನೀರು ಕೋಶದೊಳಗೆ ನುಗ್ತೈತೆ. ಬೇರೆ ಕಡೆ ಊದಿದ್ರೆ ಚರ್ಮ ಹಿಗ್ತೈತೆ. ಮೆದುಳು ಊದಿದ್ರೆ ಹಿಗ್ಗಾಕೆ ಜಾಗ ಎಲ್ಲೈತೆ? ಸುತ್ತಾ ಬುರುಡೆ!"

"ನನ್ನ ಬುರುಡೆಯಾಗೆ ಖಾಲಿ ಜಾಗ ಬೇಕಾದಷ್ಟೈತೆ ಅಂತ ನಿಮ್ಮವ್ವ ಮದುವೆಯಾದಾಗಿಂದ ಹೇಳ್ತಾ ಬಂದಾಳೆ."

"ನಗಬ್ಯಾಡ್ರಿ ಅಪ್ಪಾಜಿ. ಮೂತ್ರದ ಮಾತ್ರೆ ಬೇರೆ ತಗಂತೀರಿ. ನಾಳೇನೇ ರಕ್ತ ಪರೀಕ್ಷೆ ಮಾಡ್ಸಿ, ಉಪ್ಪಿನಂಶ ಎಷ್ಟೈತೆ ನೋಡ್ಸಿ."

ಆಗಲಿ ಎಂದೆ. ನೀರನ್ನು ನನಗಿಂತ ಬಲ್ಲವರು ಯಾರು? ಅಡಿಕೆ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಎತ್ತಿ ಸುರಿದರೆ ಸಾಕು. ಒಣಗಿದ್ದು ಖಣಖಣ ಎನ್ನುತ್ತದೆ, ಒಳಗೆ ನೀರು ಉಳಿದದ್ದು ದಬ್ ಎನ್ನುತ್ತದೆ. ನೀರಿದ್ದ ಮಾಲು ತೂಕ ಬರುತ್ತದೆ, ಆಮೇಲೆ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ. ಕಣ್ಣು ಮುಚ್ಚಿ, ಕಿವಿಯೊಂದರಿಂದಲೇ "ಇನ್ನೊಂದು ಬಿಸಿಲು ಬೇಕು" ಎಂದು ವಾಪಸ್ ಕಳಿಸುತ್ತೇನೆ. ಈವರೆಗೆ ಆ ಮಾತು ಸುಳ್ಳಾಗಿಲ್ಲ. ಇಂಥ ಕಿವಿಯವನಿಗೆ ದ್ರಾಕ್ಷಿ ಪಾಠ!

ಪರೀಕ್ಷೆಗೆ ಬುಧವಾರ ಹೋದರಾಯಿತು.

ಮಾರ್ಚ್ 13, ಗುರುವಾರ

ಬುಧವಾರ ಹೋಗಲಾಗಲಿಲ್ಲ. ತಲೆನೋವು. ಎದ್ದಾಗಿನಿಂದ ಎರಡು ಸಲ ವಾಂತಿಯಾಯಿತು. ಶತ್ರು ಕಂಗಾಲಾಗಿದ್ದಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಾಗರಾಜಪ್ಪನೂ ಅದನ್ನೇ ಹೇಳಿದ. "ಕಲ್ಲು ಅಲುಗಾಡಾಕೆ ಹತ್ತಿದ್ರೆ ಹಂಗೇ. ಬಿಡಬ್ಯಾಡ, ಇನ್ನೊಂದ್ ಚೊಂಬು ಹಾಕು."

ಹಾಕಿದೆ. ಪ್ರಮೀಳಾ ಕೇಳಿದಾಗ ಪರೀಕ್ಷೆ ಮಾಡಿಸಿದೆ, ಎಲ್ಲಾ ಸರಿಯಿದೆ ಎಂದೆ. ಯುದ್ಧಕಾಲದಲ್ಲಿ ಸ್ವಲ್ಪ ಸುಳ್ಳು ನಡೆಯುತ್ತದೆ.

ಮಾರ್ಚ್ 15, ಶನಿವಾರ

ನಡೆಯುವಾಗ ನೆಲ ನನಗಿಂತ ಒಂದು ಹೆಜ್ಜೆ ಹಿಂದೆ ಉಳಿಯುತ್ತಿದೆ. ಅಂಗಡಿಯ ಹೊಸ್ತಿಲು ಎಡವಿದೆ. ಗೃಹಖಾತೆಯವರು "ಯಾಕ್ರೀ, ಕುಡಿದೋರ ಹಂಗೆ ನಡೀತೀರಿ?" ಎಂದರು. ಕುಡಿದಿದ್ದೇನೆ, ಒಂದು ಕೊಡ ಎಂದೆ. ಅವರಿಗೆ ನಗು ಬರಲಿಲ್ಲ. ನನಗೆ ಬಂದದ್ದು ನಿಲ್ಲಲಿಲ್ಲ.

ಒಂದು ತಮಾಷೆ. ಅಡಿಕೆ ಕತ್ತರಿಸುವ ಅದು, ಎರಡು ಹಿಡಿ ಇರುತ್ತದಲ್ಲ, ನಮ್ಮಪ್ಪನ ಕಾಲದ್ದು, ಅದರ ಹೆಸರು ಬೆಳಿಗ್ಗೆಯಿಂದ ನೆನಪಾಗುತ್ತಿಲ್ಲ. ಎದುರಿಗೇ ಇದೆ.

ನೀರು ಹೆಚ್ಚಿಸಬೇಕು.

ಮಾರ್ಚ್ 18, ಮಂಗಳವಾರ

ಇವತ್ತು ವ್ಯಾಪಾರದಲ್ಲಿ ವಿಚಿತ್ರ ನಡೆಯಿತು. ಬರೆದಿಡಬೇಕು, ಮರೆತರೆ ಕಷ್ಟ.

ಕೆರೆಬಿಳಚಿಯ ತಿಮ್ಮೇಶ ಮಾಲು ತಂದಿದ್ದ. ಹತ್ತು ವರ್ಷದಿಂದ ನನಗೇ ಕೊಡುವವನು. ಚೀಲ ಬಿಚ್ಚಿದ. ಕೈ ಹಾಕಿ ಒಂದು ಹಿಡಿ ಸುರಿದೆ.

"ಒಣಗೈತೆ. ತೂಕಕ್ಕೆ ಹಾಕು" ಎಂದೆ.

ತಿಮ್ಮೇಶ ನನ್ನ ಮುಖ ನೋಡಿದ. "ಅಣ್ಣಾರೆ, ಇನ್ನೊಂದ್ಸಲ ನೋಡ್ರಿ."

"ನೋಡೋದೇನೈತೆ? ಖಣಖಣ ಅಂತೈತೆ."

"ಇಲ್ರೀ ಅಣ್ಣಾರೆ, ಇದು ಹಸಿ ಐತೆ. ನಾನು ಮಾರಾಕೆ ತಂದಿಲ್ಲ. ಎಷ್ಟು ಬಿಸಿಲು ಬೇಕು ಕೇಳಾಕೆ ತಂದೀನಿ."

"ನನಗೆ ಹೇಳ್ತೀಯಾ? ಒಣಗೈತೆ ಅಂದ್ರೆ ಒಣಗೈತೆ!"

ಹೀಗೆ ಮಾರುವವನು ಹಸಿ ಎನ್ನುತ್ತಾನೆ, ಕೊಳ್ಳುವವನು ಒಣಗಿದೆ ಎನ್ನುತ್ತಾನೆ. ಚನ್ನಗಿರಿ ಪೇಟೆಯಲ್ಲಿ ಇಂಥ ಚೌಕಾಸಿ ಈವರೆಗೆ ಆಗಿರಲಿಕ್ಕಿಲ್ಲ. ಜನ ಸೇರಿದರು. ನಾಗರಾಜಪ್ಪ ಎದುರಂಗಡಿಯಿಂದ ಎದ್ದು ಬಂದು ತಾನೂ ಒಂದು ಹಿಡಿ ಸುರಿದ. ಅವನ ಮುಖ ಬಿಳುಚಿತು.

"ಮಲ್ಲಣ್ಣ, ದಬ್ ಅಂತೈತಲ್ಲೋ."

"ಹೊಟ್ಟೆಕಿಚ್ಚಿನೋನೇ, ನಡಿ ಆಚೆ" ಎಂದು ಕೂಗಿದೆ. ಕೂಗಿದ್ದಕ್ಕೆ ತಲೆಯೊಳಗೆ ಯಾರೋ ಬಾಗಿಲು ಬಡಿದ ಹಾಗಾಯಿತು. ತಿಮ್ಮೇಶ ಚೀಲದ ಬಾಯಿ ಕಟ್ಟಿದ. ಮಾಲು ಕೊಡಲಿಲ್ಲ. ನೆಟ್ಟಗೆ ನಮ್ಮ ಮನೆಯ ಕಡೆ ನಡೆದ. ಅವನಿಗೆ ಅಲ್ಲೇನು ಕೆಲಸವೋ.

ಮಾರ್ಚ್, ಬುಧವಾರ ಇರಬೇಕು

ಕೊಡ ಇಲ್ಲ.

ದೇವರಮನೆ ನೋಡಿದೆ, ಬಚ್ಚಲು ನೋಡಿದೆ. ಮನೆಯಲ್ಲಿ ಒಬ್ಬ ಹೆಂಗಸು ಇದ್ದಾಳೆ, ಅವಳೇ ಬಚ್ಚಿಟ್ಟಿದ್ದಾಳೆ. ಸೆರಗಿನಲ್ಲಿ ಕಣ್ಣು ಒರೆಸುತ್ತಾಳೆ, ಕೊಡ ಮಾತ್ರ ಕೊಡುವುದಿಲ್ಲ. "ತಿಮ್ಮೇಶ ಎಲ್ಲಾ ಹೇಳಿದ. ನೀವು ಹಸಿನ ಒಣಗೈತೆ ಅಂದ್ರಂತೆ. ನೀವು ಹಂಗ್ ಅನ್ನೋರಲ್ಲ. ಪ್ರಮೀಳಾ ಬರ್ತಾ ಅದಾಳೆ, ಕಾರು ಹೇಳೀವಿ, ಸುಮ್ನೆ ಕುಂದ್ರಿ" ಎನ್ನುತ್ತಾಳೆ. ಒಂದು ತಟ್ಟೆಯಲ್ಲಿ ಉಪ್ಪಿಟ್ಟು ತಂದಳು. ಉಪ್ಪು ಹಾಕಿದ್ದಾಳೆ! ಶತ್ರುವಿನ ಕಡೆಯವಳು. ತಟ್ಟೆ ಎಸೆದೆ. ಅವಳ ಕೈಗೆ ತಗುಲಿತು.

ಬಚ್ಚಲಲ್ಲಿ ನಲ್ಲಿ ಇದೆ. ಅವಳಿಗೆ ಗೊತ್ತಿಲ್ಲ.

ಬಾಯಿ ಇಟ್ಟು ಕುಡಿದೆ

ಕುಡಿದೆ ನೀರು ಒಳಗೆ ಕಲ್ಲು ದಬ್ ದಬ್ ಅನ್ನುತ್ತೆ ಇನ್ನೊಂದು

ಮಾರ್ಚ್ 25, ಮಂಗಳವಾರ, ದಾವಣಗೆರೆ

ಅಕ್ಷರ ಸೊಟ್ಟಗಿದೆ. ಕ್ಷಮಿಸತಕ್ಕದ್ದು. ಎಡಗೈಗೆ ನಳಿಕೆ ಹಾಕಿದ್ದಾರೆ, ಬಲಗೈಗೆ ಇನ್ನೂ ಹುದ್ದೆಯ ಆದೇಶ ಬಂದಿಲ್ಲ.

ಪ್ರಮೀಳಾ ಹೇಳಿದ್ದು: ಬಚ್ಚಲಿನಲ್ಲಿ ಬಿದ್ದು ಕೈಕಾಲು ಸೆಟೆದು ಒದ್ದಾಡಿದೆನಂತೆ. ನಾಗರಾಜಪ್ಪನೂ ತಿಮ್ಮೇಶನೂ ಎತ್ತಿ ಕಾರಿಗೆ ಹಾಕಿದರಂತೆ. ಆರೋಗ್ಯವಂತನ ರಕ್ತದಲ್ಲಿ ನೂರಾ ನಲವತ್ತರ ಸುಮಾರು ಇರಬೇಕಾದ ಉಪ್ಪಿನಂಶ ನನ್ನದರಲ್ಲಿ ನೂರಾ ಹತ್ತಕ್ಕೆ ಇಳಿದಿತ್ತಂತೆ. ಮೂರು ದಿನ ನಾನು ಎಲ್ಲಿದ್ದೆ ಎಂದು ನನಗೆ ತಿಳಿಯದು. ಎಲ್ಲಿದ್ದರೂ ಅಲ್ಲಿ ದಿನಚರಿ ಬರೆಯುವ ಸೌಕರ್ಯ ಇರಲಿಲ್ಲ.

ಬೆಳಿಗ್ಗೆ ಬಂದ ಡಾಕ್ಟರಮ್ಮನನ್ನು, "ಒಂದೇ ಸಲ ಒಂದು ಸೇರು ಉಪ್ಪು ಏರಿಸಿ ಕಳಿಸಿಬಿಡಿ ತಾಯಿ" ಎಂದು ಕೇಳಿದೆ.

"ಹಾಗೆ ಮಾಡಿದ್ರೆ ಇನ್ನೂ ಅಪಾಯ ಅಪ್ಪಾರೆ. ಊದಿರೋ ಕೋಶಗಳಿಂದ ನೀರು ನಿಧಾನಕ್ಕೆ ಹೊರಗೆ ಬರಬೇಕು. ಆತುರಪಟ್ಟು ಎಳೆದ್ರೆ ಮೆದುಳಿಗೆ ಶಾಶ್ವತ ಏಟು ಬೀಳುತ್ತೆ. ಮಾತು ಹೋಗಬಹುದು, ಕೈಕಾಲು ಹೋಗಬಹುದು. ಇನ್ನೂ ಎರಡು ದಿನ ನಾವು ಹೆದರಿಕೊಂಡೇ ಇರಬೇಕು."

ಇದು ನನಗೆ ಕೂಡಲೇ ಅರ್ಥವಾಯಿತು. ಬೇಯಿಸಿದ ಅಡಿಕೆಯನ್ನು ಮೊದಲ ದಿನವೇ ಉರಿಬಿಸಿಲಿಗೆ ಹಾಕಿದರೆ ಸೀಳುತ್ತದೆ. ನಾನು ಈಗ ಎಳೆಬಿಸಿಲಿನಲ್ಲಿದ್ದೇನೆ.

ಮಾರ್ಚ್ 27, ಗುರುವಾರ

ಬಿ.ಪಿ. ಮಾತ್ರೆ ಬದಲಾಯಿತು. ಊಟಕ್ಕೆ ಉಪ್ಪು ಬಂತು. ಏನು ರುಚಿ! ಮಜ್ಜಿಗೆಯನ್ನ ತಿನ್ನುತ್ತಾ ಕಣ್ಣಲ್ಲಿ ನೀರು ಬಂತು. ಇದೂ ನೀರು ಇಳಿಸುವ ಒಂದು ದಾರಿ ಎಂದು ಡಾಕ್ಟರಮ್ಮ ನಕ್ಕರು. ಆದರೆ ಕುಡಿಯುವ ನೀರಿಗೆ ರೇಷನ್: ದಿನಕ್ಕೆ ಎರಡು ಚೊಂಬು, ಮುಂದಿನ ಪರೀಕ್ಷೆಯವರೆಗೆ. ಕಾವಲಿಗೆ ಗೃಹಖಾತೆ, ಅಂದರೆ ನನ್ನ ಶಾಂತಾ. ಚೊಂಬು ಅವಳ ಮಡಿಲಲ್ಲೇ ಇರುತ್ತದೆ. ಗುಟುಕು ಗುಟುಕಾಗಿ ಕೊಡುತ್ತಾಳೆ. ನಾನು ಗುಟುಕರಿಸಿದ ಮೇಲೆ ಪಕ್ಕದ ಲೋಟದಲ್ಲಿ ತಾನೂ ಒಂದು ಗುಟುಕು ಕುಡಿಯುತ್ತಾಳೆ. ಅವಳ ತುಟಿ ಒಡೆದಿತ್ತು. ಈ ಆಸ್ಪತ್ರೆಯ ಫ್ಯಾನಿನ ಗಾಳಿ ಒಳ್ಳೆಯದಲ್ಲ.

ಮಧ್ಯಾಹ್ನ ನಾಗರಾಜಪ್ಪ ಬಂದು ಮಂಚದ ತುದಿಯಲ್ಲಿ ಕೂತು ತನ್ನ ಚಪ್ಪಲಿ ನೋಡುತ್ತಾ ಹೇಳಿದ.

"ಮಲ್ಲಣ್ಣ, ಹೊಡೆಯೋದಾದ್ರೆ ಹೊಡಿ. ನಂಗೆ ಕಲ್ಲೇ ಇರಲಿಲ್ಲ."

"ಮತ್ತೆ ಟಣ್ ಅಂದಿದ್ದು?"

"ಗ್ಯಾಸು. ಸ್ಕ್ಯಾನ್ ಮಾಡಿದ ಡಾಕ್ಟ್ರು ಬರೀ ಗ್ಯಾಸು ಅಂದ್ರು. ನಾಚಿಕೆಯಾಗಿ ಊರಿಗೆಲ್ಲಾ ಕಲ್ಲು ಅಂದೆ."

ನಗಬೇಕೆನಿಸಿತು, ಪಕ್ಕೆ ಬಿಡಲಿಲ್ಲ. ನನ್ನ ಕಲ್ಲು ಮಾತ್ರ ಇದ್ದಲ್ಲೇ ಇದೆಯಂತೆ. ಒಂದು ಕೂದಲೆಳೆಯಷ್ಟೂ ಜರುಗಿಲ್ಲ. ರಕ್ತ ಸರಿಯಾದ ಮೇಲೆ ಇದೇ ಡಾಕ್ಟರಮ್ಮನ ಗೆಳತಿ ಆಪರೇಷನ್ ಮಾಡುತ್ತಾರಂತೆ. ಸರಿ ಎಂದೆ.

ನಾಗರಾಜಪ್ಪನ ಹಿಂದೆ ತಿಮ್ಮೇಶನೂ ಬಂದಿದ್ದ. ಟವೆಲ್ಲಿನ ಗಂಟು ಬಿಚ್ಚಿದರೆ ಒಂದು ಬೊಗಸೆ ಅಡಿಕೆ. "ಅದೇ ಮಾಲು ಅಣ್ಣಾರೆ. ಸ್ವಲ್ಪ ನೋಡ್ತೀರಾ?"

ಶಾಂತಾ ಸ್ಟೀಲಿನ ತಟ್ಟೆ ಹಿಡಿದಳು. ಒಂದು ಹಿಡಿ ಎತ್ತಿ ಸುರಿದೆ. ಶಬ್ದವೇನೋ ಬಂತು. ಮತ್ತೊಮ್ಮೆ ಸುರಿದೆ. ಕಣ್ಣು ಮುಚ್ಚಿ ಮೂರನೆಯ ಸಲ ಸುರಿದೆ. ಖಣಖಣವೋ ದಬ್ಬೋ ತಿಳಿಯಲಿಲ್ಲ. ಬರೀ ಶಬ್ದ, ಅದರೊಳಗೆ ಯಾವ ಮಾತೂ ಇರಲಿಲ್ಲ.

"ಗೊತ್ತಾಗ್ತಿಲ್ಲ ತಿಮ್ಮೇಶ" ಎಂದೆ.

ಈ ವಾಕ್ಯವನ್ನು ನನ್ನ ಅಂಗಡಿಯ ಗೋಡೆಗಳು ಕೇಳಿಲ್ಲ. ತಿಮ್ಮೇಶ ಅಡಿಕೆ ಒಂದೊಂದಾಗಿ ಆರಿಸಿ ಟವೆಲ್ಲಿಗೆ ಹಾಕಿಕೊಂಡ. "ಇರ್ಲಿ ಬಿಡ್ರಿ. ಅಣ್ಣಾರಿಗೇ ಇನ್ನೊಂದ್ ಬಿಸಿಲು ಬಾಕಿ ಐತೆ" ಎಂದ. ಎಲ್ಲರೂ ನಕ್ಕರು. ಶಾಂತಾ ನಗಲಿಲ್ಲ. ತಟ್ಟೆಯನ್ನು ಹಾಗೇ ಹಿಡಿದು ನಿಂತಿದ್ದಳು.

ಮಾರ್ಚ್ 30, ಯುಗಾದಿ

ಮನೆಗೆ ಬಂದೆವು. ಬೇವು ಬೆಲ್ಲ ಆಯಿತು. ಹಬ್ಬದ ಹೋಳಿಗೆಗೆ ಪ್ರಮೀಳಾ ಬಂದಿದ್ದಾಳೆ, ಒಂದು ಚಿಟಿಕೆ ಉಪ್ಪು ಜಾಸ್ತಿಯೇ ಹಾಕಿ ಹೂರಣ ಕೆಡಿಸಿದ್ದಾಳೆ.

ಹಿಂದಿನ ಪುಟಗಳನ್ನು ಓದಿದೆ. ಅಕ್ಷರ ನನ್ನದು, ಮನುಷ್ಯ ಯಾರೋ. "ಮನೆಯಲ್ಲಿ ಒಬ್ಬ ಹೆಂಗಸು ಇದ್ದಾಳೆ" ಎಂಬಲ್ಲಿ ಬಹಳ ಹೊತ್ತು ನಿಂತೆ. ಆ ಪುಟವನ್ನು ಹರಿಯಬೇಕೆಂದುಕೊಂಡೆ, ಹರಿಯಲಿಲ್ಲ. ಶಾಂತಾಳ ಮುಂಗೈಯಲ್ಲಿ ತಟ್ಟೆ ತಗುಲಿದ ಕಲೆ ಇನ್ನೂ ಇದೆ. ಕೇಳಿದರೆ, "ಹೋಳಿಗೆ ಹೆಂಚು ತಗಲ್ತು" ಎನ್ನುತ್ತಾಳೆ. ಹೋಳಿಗೆ ಮಾಡಿದ್ದು ಪ್ರಮೀಳಾ.

ಅಂಗಡಿಗೆ ಹೋಗಲು ಹೆದರಿಕೆ. ಆಪರೇಷನ್ನಿಗಲ್ಲ. ಚೀಲಕ್ಕೆ ಕೈ ಹಾಕಲು.

ಏಪ್ರಿಲ್ 3, ಗುರುವಾರ

ಇವತ್ತು ಬೆಳಿಗ್ಗೆ ತಿಮ್ಮೇಶ ಒಂದು ಚೀಲ ನಮ್ಮ ಮನೆ ಜಗಲಿಗೇ ತಂದು ಇಳಿಸಿದ. "ಅಂಗಡಿ ಬ್ಯಾಡ, ಜನ ಬ್ಯಾಡ. ಇಲ್ಲೇ ನೋಡ್ರಿ" ಎಂದು ಕಂಬಕ್ಕೆ ಒರಗಿದ.

ಚೀಲದ ಆಳಕ್ಕೆ ಕೈ ಇಳಿಸಿ ಒಂದು ಹಿಡಿ ಎತ್ತಿದೆ. ಸುರಿದೆ.

ಮೇಲಿನ ಸದ್ದು ಖಣಖಣ. ಅದರ ಕೆಳಗೆ, ಬಹಳ ಕೆಳಗೆ, ಏನೋ ಒಂದು ಮೆತ್ತನೆಯದು. ಉಸಿರು ಹಿಡಿದು ಇನ್ನೊಮ್ಮೆ ಸುರಿದೆ. ಹೌದು. ಹೊರಗೆ ಒಣಗಿದೆ, ಒಡಲಲ್ಲಿ ನೀರು ಉಳಿದಿದೆ.

"ಇನ್ನೊಂದು ಬಿಸಿಲು ಬೇಕು ತಿಮ್ಮೇಶ."

ಅವನು ಒಳಗಿನಿಂದ ಅಡಕತ್ತರಿ ತಂದ (ಅಡಕತ್ತರಿ! ಅಡಕತ್ತರಿ!), ಒಂದು ಅಡಿಕೆ ಸೀಳಿ ತೋರಿಸಿದ. ನಡುವೆ ಕಂಡೂ ಕಾಣದ ತೇವ.

"ವಾಪಸ್ ತಗಂಡು ಹೋಗು" ಎಂದೆ.

"ಹೋಗ್ತೀನಿ ಅಣ್ಣಾರೆ, ಹೋಗ್ತೀನಿ!" ಎಂದ. ತಂದ ಮಾಲು ವಾಪಸ್ಸಾದದ್ದಕ್ಕೆ ಹೀಗೆ ಹಲ್ಲು ಕಿರಿದ ರೈತನನ್ನು ನಾನು ಕಂಡಿಲ್ಲ. ಒಳಗೆ ಕೂಗಿದ, "ಅಕ್ಕಾರೆ, ಬೈದು ಕಳಿಸ್ತಾ ಅದಾರೆ! ಮೊದಲಿನ ಹಂಗೇ!"

ಶಾಂತಾ ಚೊಂಬು ಹಿಡಿದು ಬಾಗಿಲಿಗೆ ಬಂದಳು. ಬಂದವಳು ಕದ ಹಿಡಿದುಕೊಂಡಳು, ಕಣ್ಣು ಕತ್ತಲೆ ಬಂದವರ ಹಾಗೆ. ಬೆಳಗಿನ ಬೆಳಕು ಅವಳ ಮುಖಕ್ಕೆ ಬಿದ್ದಿತ್ತು. ಆಗ ನೋಡಿದೆ. ಹತ್ತು ದಿನದಿಂದ ಎದುರಿಗೇ ಇದ್ದ ಮುಖ. ತುಟಿ ಬಿರಿದು ರಕ್ತ ಹೆಪ್ಪುಗಟ್ಟಿತ್ತು. ಕಣ್ಣು ಗುಳಿಬಿದ್ದಿದ್ದವು. ಮುಂಗೈ ಚರ್ಮ ಹಿಡಿದು ಬಿಟ್ಟೆ, ಮಡಿಕೆ ಹಾಗೇ ನಿಂತಿತು.

"ನೀನು ದಿನಕ್ಕೆ ಎಷ್ಟು ನೀರು ಕುಡೀತಿದೀಯ?"

"ನೀವು ಕುಡಿಯಾವಷ್ಟು."

"ಈ ಬಿಸಿಲಾಗೆ? ಒಲೆ ಮುಂದೆ ನಿಂತು?"

"ಎದುರಿಗೆ ಕುಂತು ನೀವು ಬಾಯಾರ್ಕಂಡು ನೋಡ್ತಿರ್ತೀರಿ, ನಾನ್ ಹೆಂಗೆ ಗಟಗಟ ಕುಡೀಲಿ?"

ಮೂವತ್ತು ವರ್ಷ ಊರವರ ಅಡಿಕೆಯ ನೀರು ಲೆಕ್ಕ ಹಾಕಿದವನು ನಾನು.

ಅವಳನ್ನು ಜಗಲಿಯ ಮೇಲೆ ಕೂರಿಸಿದೆ. ಆಸ್ಪತ್ರೆಯಲ್ಲಿ ಪ್ರಮೀಳಾ ಹೇಳಿಕೊಟ್ಟಿದ್ದ ಹಾಗೆ ಚೊಂಬಿಗೆ ಒಂದು ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ ಹಾಕಿ ಕಲಕಿದೆ. ಅವಳು, "ಮೊದ್ಲು ನೀವು" ಎಂದಳು.

"ನನ್ನ ಪಾಲು ಆಯ್ತು" ಎಂದು ಸುಳ್ಳು ಹೇಳಿದೆ.

ಅವಳು ಚೊಂಬು ಎತ್ತಿದಳು. ಮೊದಲ ಗುಟುಕು, ಎರಡನೆಯದು, ಆಮೇಲೆ ನಿಲ್ಲಲಿಲ್ಲ. ನೀರು ಗಂಟಲು ಇಳಿಯುವ ಸದ್ದು ಕೇಳುತ್ತಾ ಕೂತೆ. ತಿಮ್ಮೇಶ ಚೀಲ ಹೊತ್ತುಕೊಂಡು ಹೋದದ್ದು ಯಾವಾಗಲೋ ಗೊತ್ತಾಗಲಿಲ್ಲ.

"ಇನ್ನೊಂದು ಚೊಂಬು ತರ್ತೀನಿ, ಇರು" ಎಂದು ಎದ್ದೆ. ತಾಮ್ರದ ಕೊಡ ಎಲ್ಲಿ ಬಚ್ಚಿಟ್ಟಿದ್ದಾಳೆಂದು ಕೇಳಿದೆ. ಹೇಳಲೋ ಬೇಡವೋ ಎಂದು ನನ್ನ ಮುಖವನ್ನೇ ನೋಡಿದಳು. ಆಮೇಲೆ ಹೇಳಿದಳು.